ಅಧ್ಯಕ್ಷ ಪದವಿಗೆ ನಿಂತ ಹೆಣ್ಣಿಗೆ ಕೇಳುವ ಪ್ರಶ್ನೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1984ರ ಆಗಸ್ಟ್ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ಊರಿಗೆ ಜೆರಾಲ್ಡಿನ್ ಫೆರಾರೋ ಪ್ರಚಾರಕ್ಕೆ ಬಂದಿದ್ದರು. ಡೆಮಾಕ್ರಟಿಕ್ ಪಕ್ಷ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತ್ತು. ಅಲ್ಲಿನ ಎರಡು ದೊಡ್ಡ ಪಕ್ಷಗಳಲ್ಲಿ ಒಂದು ಆ ಸ್ಥಾನಕ್ಕೆ ಹೆಂಗಸೊಬ್ಬರನ್ನು ನಿಲ್ಲಿಸಿದ್ದು ಅದೇ ಮೊದಲು. ಫೆರಾರೋ ವಕೀಲೆ. ನ್ಯೂಯಾರ್ಕಿನಲ್ಲಿ ಸರ್ಕಾರದ ಪರ ಕೇಸು ನಡೆಸಿದವರು. ಮೂರು ಸಲ ಗೆದ್ದು ಸಂಸತ್ತಿಗೆ ಹೋದವರು. ಮಿಸಿಸಿಪಿಯ ಕೃಷಿ ಕಮಿಷನರ್ ಜಿಮ್ ಬಕ್ ರಾಸ್ ಅವರಿಗೆ ಆಗ ಎಪ್ಪತ್ತರ ಹತ್ತಿರದ ವಯಸ್ಸು. ತಮ್ಮಲ್ಲಿ ಬೆಳೆಯುವ ಬೆಳೆಗಳ ಬಗ್ಗೆ ಹೇಳುತ್ತಾ, ಬ್ಲೂಬೆರಿ ಹಣ್ಣಿನ ಮಾತು ಬಂದಾಗ ಅವರು ಕೇಳಿದರು: "ನಿಮಗೆ ಬ್ಲೂಬೆರಿ ಮಫಿನ್ ಮಾಡೋಕೆ ಬರುತ್ತಾ?"

"ಖಂಡಿತ ಬರುತ್ತೆ. ನಿಮಗೆ?" ಅಂದರು ಫೆರಾರೋ.

"ನಮ್ಮ ಮಿಸಿಸಿಪಿಯಲ್ಲಿ ಗಂಡಸರು ಅಡುಗೆ ಮಾಡಲ್ಲ" ಅಂತ ಉತ್ತರ ಬಂತು.

ಆ ಹಿರಿಯರಿಗೆ ಅವಮಾನ ಮಾಡುವ ಉದ್ದೇಶ ಇರಲಿಲ್ಲ ಅಂತಲೇ ನನಗನ್ನಿಸುತ್ತದೆ. ಮನೆಗೆ ಬಂದ ಹೆಣ್ಣುಮಗಳನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. ಆದರೆ ಫೆರಾರೋ ಅಲ್ಲಿಗೆ ಬಂದಿದ್ದು ಔತಣಕ್ಕಲ್ಲ. ದೇಶದ ಅಧ್ಯಕ್ಷರಿಗೆ ಏನಾದರೂ ಆದರೆ ಆ ಕುರ್ಚಿಯಲ್ಲಿ ಕೂರಬೇಕಾದವರಾಗಿ ಬಂದಿದ್ದರು. ಮರುದಿನ ಪತ್ರಿಕೆಗಳಿಗೆ ಸಿಕ್ಕ ಸುದ್ದಿ ಯಾವುದು? ಮಫಿನ್. ರೈತರ ಸಾಲದ ಬಗ್ಗೆ, ಬೆಳೆಯ ಬೆಲೆಯ ಬಗ್ಗೆ ಅವರು ಏನು ಹೇಳಿದರು ಅನ್ನುವುದು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಮಫಿನ್ ಮಾತ್ರ ನಲವತ್ತು ವರ್ಷ ಕಳೆದರೂ ಉಳಿದಿದೆ.

ನಾನು ಇವತ್ತು ಮಾತಾಡಬೇಕು ಅಂತಿರುವುದು ಈ ತರಹದ ಪ್ರಶ್ನೆಗಳ ಬಗ್ಗೆ. ಅಧ್ಯಕ್ಷ ಪದವಿಗೆ ನಿಂತ ಹೆಣ್ಣನ್ನು ಬೈದವರ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ಬೈಗುಳ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ತಿರುಗಿ ಉತ್ತರ ಕೊಡಬಹುದು. ನಗುನಗುತ್ತಾ, ಮೈಕ್ ಮುಂದೆ ಹಿಡಿದು ಕೇಳುವ ಪ್ರಶ್ನೆಯೇ ಹೆಚ್ಚು ಪೆಟ್ಟು ಕೊಡುತ್ತದೆ. ಚುನಾವಣೆಯಲ್ಲಿ ಅಭ್ಯರ್ಥಿಗೆ ಹಣ ಎಷ್ಟು ಮುಖ್ಯವೋ ಸಮಯವೂ ಅಷ್ಟೇ ಮುಖ್ಯ. ಟಿವಿಯಲ್ಲಿ ಸಿಗುವ ಐದು ನಿಮಿಷದಲ್ಲಿ ಮೂರು ನಿಮಿಷ ಕೂದಲು, ಮಕ್ಕಳು, ಧ್ವನಿ ಅಂತ ಹೋದರೆ, ತೆರಿಗೆ ಮತ್ತು ಯುದ್ಧದ ಬಗ್ಗೆ ಮಾತಾಡಲು ಉಳಿಯುವುದು ಎರಡೇ ನಿಮಿಷ. ಎದುರಾಳಿಗೆ ಐದೂ ನಿಮಿಷ ಸಿಕ್ಕಿರುತ್ತದೆ.

ಫೆರಾರೋಗಿಂತ ಇಪ್ಪತ್ತು ವರ್ಷ ಮೊದಲು, 1964ರಲ್ಲಿ, ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಪ್ರಯತ್ನಿಸಿದರು. ತಾವು ನಿಲ್ಲುತ್ತೇವೆ ಎಂದು ಘೋಷಿಸಿದ ಆ ಭಾಷಣವನ್ನು ಓದಿದರೆ ಇವತ್ತಿಗೂ ಖುಷಿಯಾಗುತ್ತದೆ. ತಾವು ಯಾಕೆ ನಿಲ್ಲಬಾರದು ಅಂತ ಜನ ಹೇಳಿದ ಕಾರಣಗಳನ್ನೆಲ್ಲ ಅವರು ಒಂದೊಂದಾಗಿ ಹೇಳುತ್ತಾ ಹೋದರು. ಹೆಂಗಸಿಗೆ ಪ್ರಚಾರದ ಓಡಾಟ ತಡೆಯುವಷ್ಟು ಶಕ್ತಿ ಇರಲ್ಲ ಅನ್ನುವುದೂ ಅದರಲ್ಲಿತ್ತು. ಎಲ್ಲ ಹೇಳಿ ಮುಗಿಸಿ, ಇಷ್ಟು ಗಟ್ಟಿ ಕಾರಣಗಳಿರುವುದರಿಂದಲೇ ನಿಲ್ಲಲು ತೀರ್ಮಾನಿಸಿದ್ದೇನೆ ಅಂದರು!

ಆ ಭಾಷಣ ನಡೆದ ಜಾಗವನ್ನು ಗಮನಿಸಬೇಕು. ವಾಷಿಂಗ್ಟನ್ನಿನ ಮಹಿಳಾ ಪತ್ರಕರ್ತರ ಕ್ಲಬ್ ಅದು. ಪ್ರತ್ಯೇಕ ಕ್ಲಬ್ ಯಾಕೆ ಬೇಕಿತ್ತು ಅಂದರೆ, ಅಲ್ಲಿನ ನ್ಯಾಷನಲ್ ಪ್ರೆಸ್ ಕ್ಲಬ್ 1971ರವರೆಗೆ ಹೆಂಗಸರಿಗೆ ಸದಸ್ಯತ್ವವನ್ನೇ ಕೊಟ್ಟಿರಲಿಲ್ಲ. ದೇಶವಿದೇಶದ ನಾಯಕರು ಬಂದು ಮಾತಾಡುತ್ತಿದ್ದ ಆ ಕ್ಲಬ್ಬಿನಲ್ಲಿ ಗಂಡಸು ಪತ್ರಕರ್ತರು ಕೆಳಗೆ ಮೇಜಿನ ಮುಂದೆ ಕೂತು ಊಟ ಮಾಡುತ್ತಾ ಭಾಷಣ ಕೇಳುತ್ತಿದ್ದರು. ಪತ್ರಕರ್ತೆಯರನ್ನು 1955ರಿಂದ ಒಳಗೆ ಬಿಟ್ಟರು, ಆದರೆ ಬಾಲ್ಕನಿಗೆ ಮಾತ್ರ. ಸೆಕೆಯಲ್ಲಿ, ಇಕ್ಕಟ್ಟಿನಲ್ಲಿ ನಿಂತು ಬರೆದುಕೊಳ್ಳಬೇಕು. ಊಟ ಇಲ್ಲ. ಪ್ರಶ್ನೆ ಕೇಳುವ ಹಾಗೂ ಇಲ್ಲ. ಪ್ರಶ್ನೆ ಕೇಳುವ ಹಕ್ಕು ಬರೀ ಗಂಡಸರ ಕೈಯಲ್ಲಿದ್ದ ಆ ಕಾಲದಲ್ಲೇ, ನಾಯಕನಾದವನಿಗೆ ಏನು ಕೇಳಬೇಕು, ನಾಯಕಿಗೆ ಏನು ಕೇಳಬೇಕು ಅನ್ನುವ ರೂಢಿ ಬೇರೂರಿತು. ಆಮೇಲೆ ಸುದ್ದಿಮನೆಗೆ ಬಂದ ಹೆಂಗಸರೂ ಎಷ್ಟೋ ಸಲ ಅದೇ ಪ್ರಶ್ನೆಗಳನ್ನು ಕೇಳಿದ್ದಾರೆ.

1972ರಲ್ಲಿ ಶರ್ಲಿ ಚಿಸಂ ಬಂದರು. ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ನಾನು ಕಪ್ಪು ಜನರ ಅಭ್ಯರ್ಥಿಯಲ್ಲ, ಕಪ್ಪು ಅನ್ನುವುದು ನನಗೆ ಹೆಮ್ಮೆ. ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ, ಹೆಣ್ಣು ಅನ್ನುವುದೂ ಅಷ್ಟೇ ಹೆಮ್ಮೆ. ನಾನು ಅಮೆರಿಕದ ಜನರ ಅಭ್ಯರ್ಥಿ ಅಂದರು. ಚಿಸಂ ಅವರ ಕಷ್ಟವೇ ಬೇರೆ. ಅವರಿಗೆ ಬೇಡದ ಪ್ರಶ್ನೆ ಕೇಳುವುದಿರಲಿ, ಕರೆದು ಕೂರಿಸಲೂ ಟಿವಿಯವರು ತಯಾರಿರಲಿಲ್ಲ. ಕ್ಯಾಲಿಫೋರ್ನಿಯಾದ ಚರ್ಚೆಗಳಲ್ಲಿ ಜಾಗ ಸಿಗದೆ, ಕಾನೂನಿನ ಹೋರಾಟ ಮಾಡಿ ಟಿವಿಯಲ್ಲಿ ಸಮಯ ಪಡೆದರು. ಕಪ್ಪು ಬಣ್ಣಕ್ಕಿಂತ ಹೆಣ್ಣಾಗಿದ್ದೇ ತನಗೆ ರಾಜಕೀಯದಲ್ಲಿ ಜಾಸ್ತಿ ಅಡ್ಡಿಯಾಯಿತು ಅಂತ ಅವರು ಮುಂದೆ ಹೇಳಿದ್ದಾರೆ.

ಈಗ ಕಣ್ಣೀರಿನ ವಿಷಯಕ್ಕೆ ಬರೋಣ. 1987ರಲ್ಲಿ ಕೊಲೊರಾಡೋದ ಪ್ಯಾಟ್ ಶ್ರೋಡರ್ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಿಲ್ಲ ಎಂದು ಹೇಳುವಾಗ ಗಂಟಲು ಕಟ್ಟಿ ಅತ್ತುಬಿಟ್ಟರು. ಸಂಸತ್ತಿನಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದ ಈ ಹೆಂಗಸಿನ ಬಗ್ಗೆ ಬರೆಯುವಾಗಲೆಲ್ಲ ಆ ಕಣ್ಣೀರು ಬರುತ್ತಲೇ ಇತ್ತು. ಅವರೇನು ಮಾಡಿದರು ಗೊತ್ತಾ? ಸಾರ್ವಜನಿಕವಾಗಿ ಅತ್ತ ಗಂಡಸು ರಾಜಕಾರಣಿಗಳ ಸುದ್ದಿಗಳನ್ನೆಲ್ಲ ಸೇರಿಸಿ ಒಂದು ಫೈಲು ಇಟ್ಟುಕೊಂಡರು. ಗಂಡಸರಿಗೂ ಕಣ್ಣೀರಿನಿಂದ ಪೆಟ್ಟು ಬಿದ್ದದ್ದುಂಟು. 1972ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪ್ರಯತ್ನಿಸುತ್ತಿದ್ದ ಎಡ್ಮಂಡ್ ಮಸ್ಕಿ ಹಿಮ ಬೀಳುವಾಗ ಮಾತಾಡುತ್ತಿದ್ದರು. ಹೆಂಡತಿಯ ಬಗ್ಗೆ ಪತ್ರಿಕೆಯಲ್ಲಿ ಕೆಟ್ಟದಾಗಿ ಬರೆದಿದ್ದಕ್ಕೆ ಅತ್ತರು ಅಂತ ವರದಿಯಾಯಿತು. ಅವರ ಕಡೆಯವರು ಅದು ಕರಗಿದ ಹಿಮ ಅಂದರು. ಅಲ್ಲಿಂದ ಅವರ ಪ್ರಚಾರ ಇಳಿಮುಖವಾಯಿತು. ನಾಯಕ ಅಂದರೆ ಹೀಗೇ ಇರಬೇಕು ಅನ್ನುವ ಅಚ್ಚು ಗಂಡಸನ್ನೂ ಬಿಡಲಿಲ್ಲ.

2008ರ ಜನವರಿ 7. ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿ ಒಂದು ಸಣ್ಣ ಕೆಫೆ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸಲು ಮಾರನೇ ದಿನ ಆ ರಾಜ್ಯದಲ್ಲಿ ಮತದಾನ. ಬರಾಕ್ ಒಬಾಮಾ ಮುಂದಿದ್ದಾರೆ ಎಂದು ಸಮೀಕ್ಷೆಗಳೆಲ್ಲ ಹೇಳುತ್ತಿದ್ದವು. ಹಿಲರಿ ಕ್ಲಿಂಟನ್ ಮೇಜಿನ ಸುತ್ತ ಕೂತ ಕೆಲವರ ಜೊತೆ ಮಾತಾಡುತ್ತಿದ್ದರು. ಒಬ್ಬ ಹೆಂಗಸು ಅಕ್ಕರೆಯಿಂದಲೇ ಕೇಳಿದರು: ದಿನಾ ಹೇಗೆ ನಿಭಾಯಿಸುತ್ತೀರಿ? ನಿಮ್ಮ ಕೂದಲು ಯಾರು ಮಾಡುತ್ತಾರೆ? ಹಿಲರಿ ಕೂದಲಿನ ಮಾತಿಗೆ ನಕ್ಕರು. ಆಮೇಲೆ ಧ್ವನಿ ತಗ್ಗಿತು, ಕಣ್ಣು ಒದ್ದೆಯಾಯಿತು. ಇದು ಸುಲಭ ಅಲ್ಲ, ಈ ದೇಶ ನನಗೆ ಎಷ್ಟೋ ಅವಕಾಶ ಕೊಟ್ಟಿದೆ, ನಾವು ಹಿಂದಕ್ಕೆ ಬೀಳುವುದನ್ನು ನೋಡಲು ಇಷ್ಟವಿಲ್ಲ ಅಂದರು. ಕೆನ್ನೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆದರೆ ಇಡೀ ದಿನ ಟಿವಿಗಳಲ್ಲಿ ಅದೇ ದೃಶ್ಯ. ಅದು ನಿಜವೋ ನಾಟಕವೋ? ಮರುದಿನ ಅವರು ಗೆದ್ದರು. ಆಗ ಹಲವು ವಿಶ್ಲೇಷಕರು ಗೆಲುವಿಗೆ ಕೊಟ್ಟ ಕಾರಣವೂ ಕಣ್ಣೀರೇ. ಕೆಫೆಯ ಆ ಮಾತುಕತೆ ನಡೆದ ದಿನವೇ, ಅದೇ ರಾಜ್ಯದ ಸೇಲಂ ಊರಿನ ಅವರ ಸಭೆಯಲ್ಲಿ ಇಬ್ಬರು ಎದ್ದು ನಿಂತು "ನನ್ನ ಶರ್ಟ್ ಇಸ್ತ್ರಿ ಮಾಡು" ಅಂತ ಕೂಗಿದ್ದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಎಂಟು ವರ್ಷದ ನಂತರ ತೊಂದರೆ ಉಲ್ಟಾ. 2016ರ ಸೆಪ್ಟೆಂಬರಿನಲ್ಲಿ ಸೇನೆ ಮತ್ತು ಭದ್ರತೆ ಕುರಿತ ಟಿವಿ ಕಾರ್ಯಕ್ರಮ ಮುಗಿದ ತಕ್ಷಣ ರಿಪಬ್ಲಿಕನ್ ಪಕ್ಷದ ಮುಖ್ಯಸ್ಥರು, ಹಿಲರಿ ಮುಖದಲ್ಲಿ ನಗುವೇ ಇರಲಿಲ್ಲ ಅಂತ ಬರೆದರು. ಯುದ್ಧ ಮತ್ತು ಸೈನಿಕರ ಬಗ್ಗೆ ಮಾತಾಡುವಾಗ ನಗಬೇಕಿತ್ತಾ? 2024ರಲ್ಲಿ ಕಮಲಾ ಹ್ಯಾರಿಸ್ ನಕ್ಕರು, ಮನಸ್ಸು ಬಿಚ್ಚಿ ನಕ್ಕರು. ಅವರ ನಗುವೇ ಜಾಸ್ತಿ ಆಯಿತು ಅಂತ ಗೇಲಿ ಮಾಡಿದರು. ಒಬ್ಬರಿಗೆ ನಗು ಕಮ್ಮಿ, ಇನ್ನೊಬ್ಬರಿಗೆ ಜಾಸ್ತಿ. ಸರಿಯಾದ ಅಳತೆ ಎಷ್ಟು ಅಂತ ಯಾರೂ ಹೇಳಲಿಲ್ಲ.

ಹೆಣ್ಣು ಅಂತ ಕಷ್ಟದ ಪ್ರಶ್ನೆ ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಿಲರಿ ಸರ್ಕಾರಿ ಕೆಲಸಕ್ಕೆ ಖಾಸಗಿ ಇ-ಮೇಲ್ ಬಳಸಿದ್ದರು, ಅದನ್ನು ಕೇಳಲೇಬೇಕಿತ್ತು. 2008ರಲ್ಲಿ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರನ್ನು ಟಿವಿಯ ಕೇಟಿ ಕ್ಯೂರಿಕ್, ನೀವು ಯಾವ ಪತ್ರಿಕೆ ಓದುತ್ತೀರಿ ಅಂತ ಕೇಳಿದರು. ಪೇಲಿನ್ ಒಂದು ಹೆಸರನ್ನೂ ಹೇಳಲಿಲ್ಲ. ಪ್ರಶ್ನೆ ನ್ಯಾಯವಾಗಿಯೇ ಇತ್ತು, ಯಾವ ಗಂಡಸಿಗೂ ಕೇಳಬಹುದಾದದ್ದು. ಅದೇ ಪೇಲಿನ್ ಅವರ ಐದು ಮಕ್ಕಳನ್ನು ತೋರಿಸಿ, ಇಷ್ಟು ಸಣ್ಣ ಮಗು ಬಿಟ್ಟು ಈ ಕೆಲಸ ಹೇಗೆ ಮಾಡುತ್ತಾರೆ ಅಂದದ್ದು ಬೇರೆ. ಅವರ ರಾಜಕೀಯ ಒಪ್ಪದವರು, ಮಹಿಳೆಯರ ಪರ ಅಂತ ಹೇಳಿಕೊಳ್ಳುವವರು ಕೂಡ ಆ ಮಾತಾಡಿದರು. ಅದು ತಪ್ಪು. ನಮಗೆ ಬೇಡವಾದ ಅಭ್ಯರ್ಥಿಗೆ ಹಾಗೆ ಕೇಳಿದರೆ ಸರಿ, ಬೇಕಾದವರಿಗೆ ಕೇಳಿದರೆ ಅನ್ಯಾಯ ಅನ್ನುವ ಹಾಗಿಲ್ಲ, ಅಲ್ವಾ?

1937ರಲ್ಲಿ ಗ್ಯಾಲಪ್ ಸಂಸ್ಥೆ ಅಮೆರಿಕದ ಜನರನ್ನು ಒಂದು ಮಾತು ಕೇಳಿತ್ತು. ಉಳಿದೆಲ್ಲ ವಿಷಯದಲ್ಲಿ ಯೋಗ್ಯತೆ ಇರುವ ಹೆಂಗಸು ಅಧ್ಯಕ್ಷ ಪದವಿಗೆ ನಿಂತರೆ ವೋಟು ಹಾಕುತ್ತೀರಾ ಅಂತ. ನೂರಕ್ಕೆ 33 ಜನ ಹೂಂ ಅಂದರು. ಇತ್ತೀಚಿನ ಸಮೀಕ್ಷೆಗಳಲ್ಲಿ 90ಕ್ಕೂ ಹೆಚ್ಚು ಜನ ಹೂಂ ಅನ್ನುತ್ತಾರೆ. ಹಾಗಾದರೆ ಅಡ್ಡಿ ಏನು? ಜನ ಈಗ ಹೇಳುವುದು, "ನನಗೇನೂ ಅಭ್ಯಂತರ ಇಲ್ಲಪ್ಪ, ಬೇರೆಯವರು ಒಪ್ಪಬೇಕಲ್ಲ." ಆ ಬೇರೆಯವರು ಯಾರು? ಅವರ ಬಗ್ಗೆ ನಮಗೆ ಹೇಳುವುದು ಮಾಧ್ಯಮವೇ. ಹೆಣ್ಣು ಗೆಲ್ಲಬಹುದಾ ಅಂತ ದಿನಾ ಸಂಜೆ ನಾಲ್ಕು ಜನ ಕೂತು ಚರ್ಚೆ ಮಾಡಿದರೆ, ಗೆಲ್ಲಲಾರಳೇನೋ ಅನ್ನುವ ಅನುಮಾನ ತಾನಾಗಿ ಹುಟ್ಟುತ್ತದೆ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಕಣದಲ್ಲಿ ಆರು ಹೆಂಗಸರಿದ್ದರು. ಕೊನೆಗೆ ಪೈಪೋಟಿ ಉಳಿದದ್ದು ಎಪ್ಪತ್ತೈದು ದಾಟಿದ ಇಬ್ಬರು ಗಂಡಸರ ನಡುವೆ. ಕಣದಿಂದ ಹಿಂದೆ ಸರಿದ ದಿನ ಎಲಿಜಬೆತ್ ವಾರನ್ ಅವರನ್ನು, ಹೆಣ್ಣು ಅನ್ನುವ ಕಾರಣ ಕೆಲಸ ಮಾಡಿತಾ ಅಂತ ಕೇಳಿದರು. ಇದು ಸಿಕ್ಕಿಸುವ ಪ್ರಶ್ನೆ ಅಂದರು ಅವರು. ಹೌದು ಅಂದರೆ ಗೊಣಗುತ್ತಾಳೆ ಅನ್ನುತ್ತೀರಿ, ಇಲ್ಲ ಅಂದರೆ ಹೆಂಗಸರೆಲ್ಲ ನೀನು ಯಾವ ಲೋಕದಲ್ಲಿದ್ದೀ ಅಂತ ಕೇಳುತ್ತಾರೆ.

ನಮ್ಮ ದೇಶದ ಮಾಧ್ಯಮವೂ ಇದಕ್ಕೆ ಹೊರತಲ್ಲ. ಕಮಲಾ ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ಮೂಲದವರು, ಸ್ತನ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ. ಹ್ಯಾರಿಸ್ ಅವರ ಅಜ್ಜನ ಊರು ತುಳಸೇಂದ್ರಪುರಕ್ಕೆ ಕ್ಯಾಮೆರಾಗಳು ಹೋದವು, ಪೂಜೆ ತೋರಿಸಿದವು. 2021ರಲ್ಲಿ ಪ್ರಮಾಣವಚನಕ್ಕೆ ಸೀರೆ ಉಡುತ್ತಾರಾ ಅನ್ನುವುದು ದೊಡ್ಡ ಸುದ್ದಿಯಾಯಿತು. ಅಭಿಮಾನ ಇರಲಿ. ಆದರೆ ಅವರು ವಕೀಲೆಯಾಗಿ ಏನು ಮಾಡಿದರು, ವಲಸೆಯ ಬಗ್ಗೆ ಅವರ ನಿಲುವೇನು ಅನ್ನುವುದಕ್ಕೆ ಸೀರೆಗೆ ಕೊಟ್ಟಷ್ಟು ಜಾಗವನ್ನಾದರೂ ಕೊಡಬೇಕಿತ್ತು. ಅಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಆ ನಿಲುವುಗಳೇ ನೇರವಾಗಿ ತಟ್ಟುವಂಥವು.

2024ರ ಆಗಸ್ಟಿನಲ್ಲಿ ಹ್ಯಾರಿಸ್ ಒಂದು ಒಳ್ಳೆಯ ದಾರಿ ತೋರಿಸಿದರು. ಅವರು ಇತ್ತೀಚೆಗಷ್ಟೇ ಕಪ್ಪು ಹೆಂಗಸಾಗಿದ್ದಾರೆ ಅಂತ ಡೊನಾಲ್ಡ್ ಟ್ರಂಪ್ ಹೇಳಿದ್ದರು. ಟಿವಿ ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದಾಗ, ಅದು ಹಳೇ ಸವಕಲು ಆಟ, ಮುಂದಿನ ಪ್ರಶ್ನೆ ಕೇಳಿ ಅಂದರು. ಅಷ್ಟೇ. ಚುನಾವಣೆ ಸೋತರು, ಅದಕ್ಕೆ ಬೆಲೆಯೇರಿಕೆ ಮೊದಲಾಗಿ ಹತ್ತಾರು ಕಾರಣಗಳಿವೆ. ಎಲ್ಲವನ್ನೂ ಹೆಣ್ಣು ಅನ್ನುವುದಕ್ಕೇ ಕಟ್ಟಲು ನನಗೆ ಮನಸ್ಸಿಲ್ಲ.

ಇದಕ್ಕಿಂತ ಖಡಕ್ ಉತ್ತರ ಕೊಟ್ಟವರು ಐಸ್‌ಲ್ಯಾಂಡಿನ ವಿಗ್ದೀಸ್ ಫಿನ್‌ಬೊಗಾದೊತ್ತಿರ್. 1975ರ ಅಕ್ಟೋಬರ್ 24ರಂದು ಆ ದೇಶದ ನೂರಕ್ಕೆ ತೊಂಬತ್ತು ಹೆಂಗಸರು ಮನೆ ಕೆಲಸ, ಹೊರಗಿನ ಕೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದಿದ್ದರು. ಐದು ವರ್ಷದ ನಂತರ ಅಧ್ಯಕ್ಷ ಚುನಾವಣೆ. ವಿಗ್ದೀಸ್ ರಂಗಭೂಮಿಯವರು, ಟಿವಿಯಲ್ಲಿ ಫ್ರೆಂಚ್ ಪಾಠ ಹೇಳಿದವರು, ವಿಚ್ಛೇದಿತೆ, ಒಬ್ಬರೇ ಒಂದು ಹೆಣ್ಣುಮಗುವನ್ನು ದತ್ತು ಪಡೆದವರು. ಮೀನುಗಾರಿಕೆ ಹಡಗಿನ ನಾವಿಕರು ನೀವು ನಿಲ್ಲಲೇಬೇಕು ಅಂತ ತಂತಿ ಕಳಿಸಿದ್ದರಂತೆ. ಸ್ತನ ಕ್ಯಾನ್ಸರಿನಿಂದ ಅವರಿಗೆ ಒಂದು ಸ್ತನ ತೆಗೆದಿದ್ದರು. ಪ್ರಚಾರದಲ್ಲಿ ಅದನ್ನೂ ಕೇಳಿದರು: ಹೀಗಿರುವಾಗ ಅಧ್ಯಕ್ಷೆ ಆಗಬಹುದಾ? ನಾನು ದೇಶಕ್ಕೆ ಮೊಲೆಯುಣಿಸಲು ಹೊರಟಿಲ್ಲ ಅಂದರು ಅವರು. ಮೂವರು ಗಂಡಸರ ಎದುರು ನೂರಕ್ಕೆ ಒಂದೂವರೆಯಷ್ಟೂ ಇಲ್ಲದ ಅಂತರದಲ್ಲಿ ಗೆದ್ದು, ಜನರ ಮತದಿಂದ ಅಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆಯಾದರು. ಹದಿನಾರು ವರ್ಷ ಆ ಪದವಿಯಲ್ಲಿದ್ದರು.

2024ರ ಜೂನ್ 1ರಂದು ಅದೇ ಐಸ್‌ಲ್ಯಾಂಡಿನಲ್ಲಿ ಮತ್ತೆ ಅಧ್ಯಕ್ಷ ಚುನಾವಣೆ. ಮೊದಲ ಮೂರೂ ಸ್ಥಾನ ಹೆಂಗಸರಿಗೆ. ಮಾರನೇ ದಿನ ಮೆಕ್ಸಿಕೋದಲ್ಲಿ ಕ್ಲೌಡಿಯಾ ಶೇನ್‌ಬಾಮ್ ಗೆದ್ದರು, ಅವರ ಮುಖ್ಯ ಎದುರಾಳಿಯೂ ಹೆಂಗಸೇ. ಅಲ್ಲಿ ಹಿಂದಿನ ಅಧ್ಯಕ್ಷರು ಹೇಳಿದ ಹಾಗೆ ಇವರು ಕುಣಿಯುತ್ತಾರಾ ಅನ್ನುವ ಪ್ರಶ್ನೆ ಮಾತ್ರ ತಪ್ಪಲಿಲ್ಲ. ಐಸ್‌ಲ್ಯಾಂಡಿನಲ್ಲಿ ಎರಡನೆಯವರಾಗಿ ಸೋತವರು ಕತ್ರಿನ್ ಯಾಕೊಬ್ಸ್‌ದೊತ್ತಿರ್. ಆರು ವರ್ಷಕ್ಕೂ ಮಿಕ್ಕಿ ಪ್ರಧಾನಿಯಾಗಿದ್ದವರು, ಮೂರು ಮಕ್ಕಳ ತಾಯಿ. ಪ್ರಚಾರದುದ್ದಕ್ಕೂ ಅವರ ಬೆನ್ನುಹತ್ತಿದ್ದು ಎರಡು ಪ್ರಶ್ನೆ. ಪ್ರಧಾನಿ ಕುರ್ಚಿಯಿಂದ ನೇರವಾಗಿ ಅಧ್ಯಕ್ಷ ಕುರ್ಚಿಗೆ ಹಾರುವುದು ಸರಿಯಾ? ನಿಮ್ಮ ಸರ್ಕಾರ ಮಾಡಿದ್ದಕ್ಕೆ ನೀವೇ ಹೊಣೆ ಅಲ್ವಾ? ಇವೆರಡೂ ಯಾವ ಗಂಡಸಿಗಾದರೂ ಕೇಳಬೇಕಾದ ಪ್ರಶ್ನೆಗಳು. ಜನರಿಗೆ ಅವರ ಉತ್ತರ ಒಪ್ಪಿಗೆಯಾಗಲಿಲ್ಲ, ಹಲ್ಲಾ ತೋಮಸ್‌ದೊತ್ತಿರ್ ಅವರನ್ನು ಆರಿಸಿದರು.

ನಮಸ್ಕಾರ.