ಅಳತೆ ಕೋಲಿನ ಮೂರು ಗೆರೆ

ಕಾರವಾರದ ಬೈತಖೋಲ ಬಂದರಿನ ತಾಂಡೇಲರಿಗೆ (ಬೋಟು ನಡೆಸುವವರಿಗೆ), ಬೋಟ್ ಮಾಲೀಕರಿಗೆ, ಎಂಜಿನ್ ನೋಡಿಕೊಳ್ಳುವ ಎಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಡೀಸೆಲ್ ಟ್ಯಾಂಕು ಬರಿದು ಮಾಡಿ ತೊಳೆಯುವುದೂ ಆಗಲೇ. ನಿಮ್ಮ ಟ್ಯಾಂಕು ಎಷ್ಟು ಲೀಟರಿನದು ಅಂದರೆ ಎಲ್ಲರೂ ಒಂದೇ ಅಂಕಿ ಹೇಳುತ್ತೀರಿ. ಅದಕ್ಕೆ ಮೂರು ಅಂಕಿ ಬೇಕು: ಟ್ಯಾಂಕಿನ ಹೊಟ್ಟೆ ಎಷ್ಟು, ತುಂಬಬೇಕಾದದ್ದು ಎಷ್ಟು, ಕಡಲಲ್ಲಿ ಎಂಜಿನ್ನಿಗೆ ಸಿಗುವುದು ಎಷ್ಟು.

ಹೊರಗಿನಿಂದ ಟೇಪು ಹಿಡಿದಾಗ ಉದ್ದ 150, ಅಗಲ 80, ಎತ್ತರ 100 ಸೆಂಟಿಮೀಟರ್ ಬಂತು ಅನ್ನಿ. ಗುಣಿಸಿ ಸಾವಿರದಿಂದ ಭಾಗಿಸಿದರೆ 1200 ಲೀಟರ್. ಆದರೆ ತಗಡು 4 ಮಿಲಿಮೀಟರ್ ದಪ್ಪ ಇದ್ದರೆ ಪ್ರತಿ ಅಳತೆಯಲ್ಲೂ 0.8 ಸೆಂಟಿಮೀಟರ್ ಕಳೆಯಬೇಕು. ಉಳಿಯುವುದು 1172. ತಗಡಿಗೇ 28 ಲೀಟರ್ ಹೋಯಿತು.

ಈ 1172ನ್ನೂ ಪೂರ್ತಿ ತುಂಬಬಾರದು. ಬಿಸಿಯಾದರೆ ಡೀಸೆಲ್ ಹಿಗ್ಗುತ್ತದೆ, ಪ್ರತಿ ಡಿಗ್ರಿಗೆ ಸಾವಿರ ಲೀಟರಿಗೆ ಸುಮಾರು 0.8 ಲೀಟರ್. ಬೆಳಗಿನ ಜಾವ 27 ಡಿಗ್ರಿಯಲ್ಲಿ ಕಂಠಮಟ್ಟ ತುಂಬಿದ ಡೀಸೆಲ್ ಎಂಜಿನ್ ರೂಮಿನ ಕಾವಿಗೆ 42ಕ್ಕೆ ಏರಿದರೆ, 14 ಲೀಟರ್ ಗಾಳಿ ಕೊಳವೆಯಿಂದ ಹೊರಗೆ ಬರುತ್ತದೆ. ಬೋಟು ವಾಲಿದಾಗ ಇನ್ನೂ ಹೆಚ್ಚು. ಚೆಲ್ಲಿದ ಡೀಸೆಲ್ ಬೋಟಿನ ತಳದಲ್ಲಿ ನಿಂತ ನೀರಿನ ಮೇಲೆ ತೇಲುತ್ತದೆ, ಪಂಪು ಹಾಕಿದರೆ ಬಂದರಿನ ನೀರಿಗೆ ಹೋಗುತ್ತದೆ, ಸೈಲೆನ್ಸರಿನ ಮೇಲೆ ಚೆಲ್ಲಿದರೆ ಬೆಂಕಿ. ಬಂಕಿನ ಡೀಸೆಲ್‌ಗೆ ನಿಗದಿಯಾದ ಕನಿಷ್ಠ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕಾವು, 35 ಡಿಗ್ರಿ ಮಾತ್ರ. ಎಂಜಿನ್ ರೂಮು ಅದನ್ನು ದಾಟುವುದು ನಿಮಗೆಲ್ಲ ಗೊತ್ತು. ಆದ್ದರಿಂದ ನೂರಕ್ಕೆ ಐದು ಪಾಲು ಖಾಲಿ ಬಿಡಿ. 1113 ಲೀಟರಿಗೆ ನಿಲ್ಲಿಸಿ.

ಇನ್ನು ಕೆಳಗೆ. ಡೀಸೆಲ್ ಎಳೆಯುವ ಕೊಳವೆ ತಳ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅಲ್ಲಿ ನೀರು, ತುಕ್ಕು, ಕೆಸರು ಕೂತಿರುತ್ತದೆ. ಕೊಳವೆಯ ಬಾಯಿ 3 ಸೆಂಟಿಮೀಟರ್ ಮೇಲಿದ್ದರೆ 35 ಲೀಟರ್ ಎಂದೂ ಸಿಗದು. ಅಲೆಯಲ್ಲಿ ಹೊಯ್ದಾಡುವಾಗ ಅದರ ಮೇಲಿನದನ್ನೂ ನಂಬುವಂತಿಲ್ಲ. ಡೀಸೆಲ್ ಒಂದು ಬದಿಗೆ ಸರಿದು ಕೊಳವೆ ಒಮ್ಮೆ ಗಾಳಿ ಎಳೆದರೆ ಸಾಕು, ಎಂಜಿನ್ ನಿಂತಿತು. ಗಾಳಿ ತೆಗೆಯುವಷ್ಟರಲ್ಲಿ ಬೋಟು ಅಲೆಗೆ ಅಡ್ಡ ತಿರುಗಿರುತ್ತದೆ. ತಳದ 10 ಸೆಂಟಿಮೀಟರನ್ನು, ಅಂದರೆ 118 ಲೀಟರನ್ನು, ಲೆಕ್ಕಕ್ಕೇ ಹಿಡಿಯಬೇಡಿ. 1200 ಅಂದುಕೊಂಡ ಟ್ಯಾಂಕಿನಲ್ಲಿ ನಂಬಬಹುದಾದದ್ದು 995.

ಇಷ್ಟು ಡೀಸೆಲ್ ಎಷ್ಟು ಹೊತ್ತಿಗೆ ಸಾಕು? 100 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತದೆ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬ ಲೆಕ್ಕ ಬಿಡಬೇಡಿ. ಬಲೆ ಎಳೆಯುವ ಗಂಟೆಗಳ ಡೀಸೆಲ್ಲನ್ನು ಮೊದಲ ಪಾಲಿನಲ್ಲೇ ಕಳೆಯಿರಿ.

ಭಾರವೂ ಇದೆ. ಲೀಟರಿಗೆ 0.84 ಕಿಲೋ ಹಿಡಿದರೆ 1113 ಲೀಟರ್ ಅಂದರೆ 935 ಕಿಲೋ. ಅರ್ಧ ತುಂಬಿದ ಅಗಲ ಟ್ಯಾಂಕಿನಲ್ಲಿ ಆ ಭಾರ ಬೋಟು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಟ್ಯಾಂಕಿನ ನಡುವೆ ಉದ್ದಕ್ಕೆ ರಂಧ್ರವಿಲ್ಲದ ಅಡ್ಡಗೋಡೆ ಹಾಕಿ ಎರಡು ಸಮಭಾಗ ಮಾಡಿದರೆ ಈ ಕಾಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎಡಬಲದ ಟ್ಯಾಂಕುಗಳನ್ನು ಸೇರಿಸುವ ಪೈಪಿಗೆ ವಾಲ್ವ್ ಇದ್ದರೆ ಕಡಲಿಗೆ ಹೊರಡುವ ಮುಂಚೆ ಅದನ್ನು ಮುಚ್ಚಿ.

ಬೋಟಿನ ಪಕ್ಕೆಗೆ ಹೊಂದಿಸಿದ ಟ್ಯಾಂಕಿನಲ್ಲಿ, ಡೀಸೆಲ್ ಎಷ್ಟಿದೆ ಎಂದು ನೋಡಲು ಇಳಿಸುವ ಅಳತೆ ಕೋಲು ಮೋಸ ಮಾಡುತ್ತದೆ. ಮೇಲೆ 80, ಕೆಳಗೆ 40 ಸೆಂಟಿಮೀಟರ್ ಅಗಲವಿದ್ದರೆ ಅರ್ಧ ಕೋಲು ಒದ್ದೆಯಾದಾಗ ಒಳಗಿರುವುದು ನೂರಕ್ಕೆ 42 ಪಾಲು ಮಾತ್ರ. ಇಂಥದಕ್ಕೆ ಸೂತ್ರಕ್ಕಿಂತ ಸುರಿದು ನೋಡುವುದೇ ಲೇಸು. ದಡದ ಮೇಲೆ ಬೋಟಿನ ಓರೆ ಬೇರೆ, ಹಾಗಾಗಿ ನೀರಿಗಿಳಿಸಿ ಧಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಕಟ್ಟಿ. ಮೀಟರು ನೋಡುತ್ತ 50 ಲೀಟರ್ ಹಾಕಿ, ಡೀಸೆಲ್ ನಿಶ್ಚಲವಾಗಲು ಬಿಡಿ, ಕೋಲು ಇಳಿಸಿ ಒದ್ದೆಯ ಅಂಚಿಗೆ ಗೀರು ಹಾಕಿ, ಮತ್ತೆ 50. ಕೋಲು ಇಳಿಸುವ ತೂತು ಟ್ಯಾಂಕಿನ ನಡುಮಧ್ಯ ಇರಲಿ. ಕೋಲಿನ ತುದಿಗೆ ಹಿತ್ತಾಳೆ ಹಾಕಿಸಿ, ಅದು ಕಿಡಿ ಹಾರಿಸುವುದಿಲ್ಲ. ಕೋಲಿನ ತುದಿ ತಳಕ್ಕೆ ತಾಗುವ ಜಾಗದಲ್ಲಿ ಒಂದು ಸಣ್ಣ ತಗಡು ಬೆಸುಗೆ ಹಾಕಿಸಿ. ದಿನವೂ ಒಂದೇ ಕಡೆ ಕುಟ್ಟಿಸಿಕೊಂಡ ತಳ ಅಲ್ಲೇ ಸವೆದು ತೂತಾಗುತ್ತದೆ. ಬೆಸುಗೆಯ ಕೆಲಸವೆಲ್ಲ ಟ್ಯಾಂಕು ಹೊರತೆಗೆದು, ತೊಳೆದು, ಆವಿ ಪೂರ್ತಿ ಹೋದ ಮೇಲೆ ಮಾತ್ರ.

ಗೀರುಗಳ ನಡುವೆ ಮೂರನ್ನು ಕೆಂಪಾಗಿಸಿ: ಮೇಲಿನದು ತುಂಬುವುದು ನಿಲ್ಲಿಸುವ ಗೆರೆ, ನಡುವಿನದು ಮೊದಲ ಪಾಲು ಮುಗಿದು, ಬಲೆ ಎತ್ತಿ ಕಾರವಾರಕ್ಕೆ ತಿರುಗುವ ಗೆರೆ, ಕೆಳಗಿನದು ತಳದಿಂದ 10 ಸೆಂಟಿಮೀಟರ್.