ಮೈನಸ್ 20ರಲ್ಲಿ ನಿಲ್ಲುವ ಸೈಕಲ್ ಸೊನ್ನೆಯಲ್ಲಿ ಯಾಕೆ ಜಾರುತ್ತದೆ?

[ದೃಶ್ಯ: ಹಿಮದ ಕಾಡುದಾರಿ, ದಪ್ಪ ಟಯರಿನ ಸೈಕಲ್]

ಇದು ಅಮೆರಿಕದ ಮಿನಿಯಾಪೊಲಿಸ್‌ನ ಥಿಯೋಡೋರ್ ವರ್ತ್ ಪಾರ್ಕ್. ಊರೆಲ್ಲ ಹೆಪ್ಪುಗಟ್ಟಿದಾಗಲೂ ಜನ ಇಲ್ಲಿ ಮೌಂಟನ್ ಬೈಕ್ ಓಡಿಸುತ್ತಾರೆ. ಆದರೆ ಇಂಥ ದಾರಿಗಳಲ್ಲಿ ಜಾಸ್ತಿ ಬೀಳಿಸುವುದು ಮೈನಸ್ 20ರ ಕೊರೆಯುವ ಚಳಿ ಅಲ್ಲ, ಸೊನ್ನೆ ಡಿಗ್ರಿ ಆಸುಪಾಸಿನ, ಸ್ವಲ್ಪ ಬಿಸಿಲು ಬಂದ ದಿನ. ಉಲ್ಟಾ ಅಲ್ವಾ?

ಸ್ಕೂಲಲ್ಲಿ ಹೇಳಿದ್ದು ನೆನಪಿದೆಯಾ? ಭಾರ ಬಿದ್ದರೆ ಐಸ್ ಕರಗುತ್ತದೆ, ಆ ನೀರಿನ ಮೇಲೆ ಜಾರುತ್ತೇವೆ ಅಂತ. ಲೆಕ್ಕ ಹಾಕೋಣ. ಫ್ಯಾಟ್ ಬೈಕ್, ಅಂದರೆ ಈ ದಪ್ಪ ಟಯರಿನ ಸೈಕಲ್. ಇದರ ಟಯರಿನ ಅಗಲ ನಾಲ್ಕು ಇಂಚಿನಷ್ಟು, ಒಳಗೆ ಗಾಳಿ ಬರೀ 7 ಪಿಎಸ್‌ಐ ಆಸುಪಾಸು. ಅಷ್ಟು ಒತ್ತಡಕ್ಕೆ ಐಸ್ ಕರಗುವ ಉಷ್ಣಾಂಶ ಇಳಿಯುವುದು ಒಂದು ಡಿಗ್ರಿಯ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಪಾಠಪುಸ್ತಕಕ್ಕೆ ದೊಡ್ಡ ನಮಸ್ಕಾರ.

ಯಾರೂ ಒತ್ತದಿದ್ದರೂ ಐಸ್ ಮೇಲೆ ನೀರಿನಂಥ ತೆಳು ಪದರ ಇರುತ್ತದೆ ಅಂತ ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಒಳಗಿನ ಅಣುಗಳನ್ನು ಅಕ್ಕಪಕ್ಕದವು ಎಲ್ಲ ಕಡೆಯಿಂದ ಹಿಡಿದಿರುತ್ತವೆ. ಮೇಲ್ಗಡೆಯವಕ್ಕೆ ಒಂದು ಬದಿ ಖಾಲಿ, ಹಾಗಾಗಿ ಸಡಿಲ. ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿ ಕಾಲಿಟ್ಟು ನೋಡಿ (ಬೇಡ, ನಿಜವಾಗಿ ಇಡಬೇಡಿ, ಅಮ್ಮನೂ ಬೈಯುತ್ತಾರೆ, ಸೊಂಟವೂ ಹೋಗುತ್ತದೆ): ಕಾಳು ಕಾಳಿಗೂ ಅಂಟಿಲ್ಲ, ನೆಲಕ್ಕೂ ಅಂಟಿಲ್ಲ, ಕಾಲಿನ ಜೊತೆ ಸುಮ್ನೆ ಉರುಳಿಕೊಂಡು ಹೋಗುತ್ತದೆ. ಐಸ್ ಮೇಲಿನ ಸಡಿಲ ಅಣುಗಳೂ ಹಾಗೇ. ಚಳಿ ಹೆಚ್ಚಾದಷ್ಟೂ ಈ ಕಾಳುಗಳು ಬಿಗಿಯಾಗಿ ಕೂರುತ್ತವೆ. ಸೊನ್ನೆ ಹತ್ತಿರ ಬಂದಂತೆ ಇನ್ನೂ ನಾಲ್ಕು ಸೇರು ರಾಗಿ ಸುರಿದ ಹಾಗೆ, ಅದರ ಮೇಲೆ ಬಿಸಿಲಿಗೆ ಕರಗಿದ ನಿಜವಾದ ನೀರೂ ಸೇರಿತೋ, ರಬ್ಬರಿನ ಹಿಡಿತ ಹೋದ ಹಾಗೇ.

ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ಗಾಳಿ ಇಳಿಸುವುದು ಮೆತ್ತನೆ ಹಿಮಕ್ಕೆ ಸರಿ, ಗಟ್ಟಿ ಐಸ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳಿರುವ ಸ್ಟಡ್ ಟಯರೇ ಬೇಕು. ಬೆಲೆ ಕೇಳಿದರೆ ಚಳಿ ತಾನಾಗಿ ಬಿಡುತ್ತದೆ. ಒಂದಕ್ಕೇ ದುಡ್ಡಿದ್ದರೆ ಮುಂದಿನ ಚಕ್ರಕ್ಕೆ ಹಾಕಿ, ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೇರ ನೆಲ. ವೇಗ ಇಳಿಸುವುದಿದ್ದರೆ ತಿರುವಿಗೆ ಮೊದಲೇ ಇಳಿಸಿ. ಹಿಮ ಮೆತ್ತಗಾಗಿ ಟಯರ್ ಒಂದಿಂಚು ಹೂತುಹೋಗುತ್ತಿದ್ದರೆ ದಯವಿಟ್ಟು ವಾಪಸ್ ಹೋಗಿ, ಆ ಗುರುತು ರಾತ್ರಿ ಕಲ್ಲಿನಂತಾಗಿ ಬೆಳಿಗ್ಗೆ ಬರುವವರ ಹ್ಯಾಂಡಲ್ ತಿರುಚುತ್ತದೆ. ಚಳಿಗೆ ಬ್ರೇಕ್ ಎಣ್ಣೆ ಮಂದವಾಗುವ ಕತೆ ಇನ್ನೊಂದು ವಿಡಿಯೋಗೆ.