ಎರಡು ಎಂ5 ಕಾರುಗಳು, ನಡುವೆ ಒಂದು ಟನ್

ಕೇಳುಗರೇ, ನಮಸ್ಕಾರ. ಜರ್ಮನಿಯ ಬಿಎಂಡಬ್ಲ್ಯು ಕಂಪನಿಯ ಎರಡು ಕಾರುಗಳ ಬಗ್ಗೆ ಇವತ್ತು ಮಾತಾಡೋಣ. ಒಂದು 1985ರದು, ಇನ್ನೊಂದು 2024ರದು. ಎರಡಕ್ಕೂ ಹೆಸರು ಎಂ5.

ಹಳೆಯದು ರಸ್ತೆಯಲ್ಲಿ ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆಫೀಸಿಗೆ ಹೋಗುವವರ ಸಾದಾ ಸೆಡಾನ್ ಥರಾನೇ ಇತ್ತು. ಬಾನೆಟ್ ಎತ್ತಿದರೆ ಮಾತ್ರ ಬೇರೆ ಕಥೆ. ಒಳಗಿದ್ದದ್ದು ಎಂ1 ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ವಂಶದ್ದು. ಮೂರೂವರೆ ಲೀಟರ್, ಸಾಲಾಗಿ ಆರು ಸಿಲಿಂಡರ್, ಒಂದೊಂದಕ್ಕೂ ಪ್ರತ್ಯೇಕ ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಕವಾಟ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. 286 ಅಶ್ವಶಕ್ತಿ, ಐದು ಗೇರು, ಗಂಟೆಗೆ 245 ಕಿಲೋಮೀಟರ್ ವೇಗ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಆಗ ಇದು ಅತಿಯೇ ಆಯ್ತು, ಅಲ್ವಾ? ಸುಮಾರು 2,200 ಕಾರುಗಳು ಮಾತ್ರ ತಯಾರಾದವು. ಅದಕ್ಕೇ ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಹೊಸದರಲ್ಲಿ 4.4 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಎರಡು ಟರ್ಬೊ. ಗೇರ್‌ಬಾಕ್ಸ್ ಒಳಗೆ ಒಂದು ವಿದ್ಯುತ್ ಮೋಟಾರು ಬೇರೆ. ಎಲ್ಲ ಸೇರಿ 727 ಅಶ್ವಶಕ್ತಿ. ಸೊನ್ನೆಯಿಂದ ನೂರು ಮುಟ್ಟಲು ಮೂರೂವರೆ ಸೆಕೆಂಡು. ಹಳೆಯದಕ್ಕೆ ಆರೂವರೆ ಬೇಕಿತ್ತು. ಭಾರತದಲ್ಲಿ ಬಿಡುಗಡೆಯಾದಾಗ ಷೋರೂಮ್ ಬೆಲೆ 1.99 ಕೋಟಿ. ನಮ್ಮ ರಾಜ್ಯದ ರಸ್ತೆ ತೆರಿಗೆ ಅದರ ಮೇಲೆ!

ನನಗೆ ಕುತೂಹಲ ಇರುವುದು ತೂಕದ ಬಗ್ಗೆ. ಹಳೆಯದು ಸುಮಾರು 1,430 ಕೆಜಿ. ಹೊಸದು 2,435. ಹಳೆಯ ಎಂ5 ಮೇಲೆ ಒಂದೂವರೆ ಮಾರುತಿ 800 ಹೇರಿದ ಹಾಗೆ! ಈಗ ಲೆಕ್ಕ ಹಾಕಿ. ಶಕ್ತಿ ಎರಡೂವರೆ ಪಟ್ಟು ಆಗಿದೆ. ಆದರೆ ಒಂದೊಂದು ಟನ್ನಿಗೆ ಎಷ್ಟು ಶಕ್ತಿ ಅಂತ ನೋಡಿದರೆ ಹಳೆಯದಕ್ಕೆ 200, ಹೊಸದಕ್ಕೆ ಹತ್ತಿರ ಹತ್ತಿರ 300. ಬರೀ ಒಂದೂವರೆ ಪಟ್ಟು. ಉಳಿದ ಶಕ್ತಿಯೆಲ್ಲ ತನ್ನ ತೂಕ ಹೊರುವುದಕ್ಕೇ ಹೋಯಿತು. ಬ್ರೇಕಿನ ಕಷ್ಟವೂ ಅಷ್ಟೇ. ಒಂದೇ ವೇಗದಲ್ಲಿ ಓಡುವಾಗ ಹೊಸ ಕಾರನ್ನು ನಿಲ್ಲಿಸಲು ಶೇಕಡಾ 70ರಷ್ಟು ಜಾಸ್ತಿ ಶಕ್ತಿಯನ್ನು ಬ್ರೇಕುಗಳು ನುಂಗಬೇಕು.

ಇಷ್ಟು ಭಾರ ಯಾಕೆ? ಬ್ಯಾಟರಿ ಒಂದು ಕಾರಣ. ಯುರೋಪಿನಲ್ಲಿ ಇಂಗಾಲದ ಹೊಗೆಯ ನಿಯಮ ಬಿಗಿಯಾಗಿದೆ. ದೊಡ್ಡ ವಿ8 ಉಳಿಯಬೇಕಾದರೆ ಪಕ್ಕದಲ್ಲಿ ವಿದ್ಯುತ್ ಇರಲೇಬೇಕಾದ ಕಾಲ ಇದು. ಅದರ ಲಾಭವೂ ಉಂಟು. ಸುಮಾರು 65 ಕಿಲೋಮೀಟರ್ ಪೆಟ್ರೋಲ್ ಸುಡದೆ ಓಡುತ್ತದೆ. ಇನ್ನು ಗಾತ್ರ: ಉದ್ದ ಐದು ಮೀಟರ್ ದಾಟಿದೆ, ಹಳೆಯದು 4.62 ಮೀಟರ್. ನಾಲ್ಕೂ ಚಕ್ರಕ್ಕೆ ಶಕ್ತಿ, ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಚಕ್ರಗಳೂ ಸ್ವಲ್ಪ ಪಕ್ಕಕ್ಕೆ ತಿರುಗುತ್ತವೆ. ಇಷ್ಟು ಭಾರವನ್ನು ತಿರುವಿನಲ್ಲಿ ಹಿಡಿದಿಡಲು ಇವೆಲ್ಲ ಬೇಕು. ಎಂಜಿನಿಯರುಗಳ ಜಾಣತನ ಮೆಚ್ಚಲೇಬೇಕು. ಆದರೂ ತಾವೇ ಏರಿಸಿದ ತೂಕವನ್ನು ಮರೆಸಲು ಅವರು ಪಟ್ಟ ಪಾಡು ಅದು ಅಂತ ನನಗೆ ಅನಿಸುತ್ತದೆ.

ಹಳೆಯದನ್ನು ಕೊಳ್ಳುವವರಿಗೂ ಒಂದು ಎಚ್ಚರಿಕೆ. ಅದೇ ಕಾಲದ ಎಂ535ಐ ಎಂಬ ಕಾರು ನೋಡಲು ಎಂ5ಗಿಂತಲೂ ಜೋರಾಗಿತ್ತು, ಎಂಜಿನ್ ಮಾತ್ರ 218 ಅಶ್ವಶಕ್ತಿಯದು. ಎಂ5 ಅಂತ ಬರೆದ ಬಿಲ್ಲೆಯನ್ನು ಹಿಂದೆ ಯಾರು ಬೇಕಾದರೂ ಅಂಟಿಸಬಹುದು. ಬಾನೆಟ್ ತೆಗೆಸಿ ಆರು ಥ್ರಾಟಲ್ ಎಣಿಸಿ, ಚಾಸಿ ನಂಬರ್ ತಾಳೆ ನೋಡಿ. ದುಡ್ಡಿನ ಮಾತು ಆಮೇಲೆ.